ಅಂಬುಜಾ ಹೊಕ್ಕ ಬನ

ಅಂಬುಜಾ ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯೆಯಾಗಿದ್ದು ನಿವೃತ್ತಳಾದವಳು. ಈ ದೇಶದಲ್ಲಿ ಅರಿವಳಿಕೆ ಕೊಡುವವರಿಗೆ ಒಂದು ರೂಢಿಯಿದೆ. ರೋಗಿಯ ಕೈಗೆ ಮದ್ದು ಬಿಡುವ ಮುನ್ನ, ನಿಮಗೆ ಇಷ್ಟವಾದ ಜಾಗವೊಂದನ್ನು ನೆನೆಸಿಕೊಳ್ಳಿ ಎನ್ನುತ್ತಾರೆ. ಹೆದರಿಕೆ ಕಡಿಮೆಯಾಗಲಿ ಎಂದು. ಯಾರ್ಕ್‌ಷೈರಿನವರು ಹೆಚ್ಚಾಗಿ ಯಾವುದಾದರೂ ಸಮುದ್ರತೀರದ ಹೆಸರು ಹೇಳುತ್ತಾರಂತೆ. ಒಬ್ಬ ಮುದುಕ ತನ್ನ ಪಾರಿವಾಳದ ಗೂಡು ಎಂದಿದ್ದನಂತೆ. ಇನ್ನೊಬ್ಬಳು, 'ಗಂಡ ಇಲ್ಲದ ಜಾಗ ಯಾವುದಾದರೂ ಸರಿ' ಎಂದು ಹೇಳಿ ಕಣ್ಣು ಮುಚ್ಚಿದ್ದಳಂತೆ. ಅಂಬುಜಾ ಇವನ್ನೆಲ್ಲ ನನಗೆ ಹೇಳಿ ನಗುತ್ತಿದ್ದಳು. ನಿನ್ನ ಜಾಗ ಯಾವುದು ಎಂದು ನಾನು ಕೇಳಿರಲಿಲ್ಲ. ಅಂಥ ಪ್ರಶ್ನೆಗಳು ನನಗೆ ಒಗ್ಗುವುದಿಲ್ಲ.

ನಾನು ಲೀಡ್ಸಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು. ಈಗ ಹೆಡಿಂಗ್ಲಿಯಲ್ಲಿ, ಎರಡೂ ಪಕ್ಕ ವಿದ್ಯಾರ್ಥಿಗಳು ತುಂಬಿರುವ ಸಾಲುಮನೆಯೊಂದರಲ್ಲಿದ್ದೇನೆ. ಕನ್ನಡ ಸಂಘದ ಯುಗಾದಿ ಊಟವೊಂದರಲ್ಲಿ, ಸಾರಿಗೆ ಸಕ್ಕರೆ ಹಾಕಿದವರು ಯಾರು ಎಂದು ನಾವಿಬ್ಬರೂ ಒಟ್ಟಿಗೆ ಕೇಳಿದೆವು. ಪರಿಚಯ ಆದದ್ದು ಹಾಗೆ. ಅವಳು ಬ್ರಹ್ಮಾವರದ ಕಡೆಯವಳು, ನಾನು ಮೈಸೂರಿನವಳು. ಅವಳು ಮದುವೆಯಾಗಲಿಲ್ಲ, ನಾನು ಆಗಿ, ಗಂಡನನ್ನು ಬಿಟ್ಟೆ. ಇಬ್ಬರಿಗೂ ಮಾತು ಕಡಿಮೆ ಇರುವವರ ಸಹವಾಸ ಹಿತವಾಗಿತ್ತು.

ಮೂರು ವರ್ಷದ ಹಿಂದೆ ಅವಳಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಎಚ್ಚರವಾದ ಮೇಲೆ ವಾರ್ಡಿನಲ್ಲಿ ನಾನು ಪಕ್ಕದಲ್ಲಿದ್ದೆ. ಅವಳಿಗೆ ಮದ್ದು ಕೊಟ್ಟಿದ್ದ ಗುರುಕಿರಣ್ ಎಂಬ ಬೆಂಗಳೂರಿನ ಹುಡುಗ ನೋಡಿಕೊಂಡು ಹೋಗಲು ಬಂದ.

"ಆಂಟಿ, ಇಷ್ಟವಾದ ಜಾಗ ಕೇಳಿದ್ರೆ ಬನ ಅಂದ್ರಲ್ಲ, ಬನಶಂಕರಿನಾ? ನಮ್ಮನೆ ಅಲ್ಲೇ, ಸೆಕೆಂಡ್ ಸ್ಟೇಜ್."

"ನಿನ್ನ ತಲೆ ಮಾರಾಯ," ಎಂದಳು ಅಂಬುಜಾ, ಇನ್ನೂ ಅರ್ಧ ಮಂಪರಿನಲ್ಲಿ. "ನಾಗಬನ."

ಅವನು ಹೋದ ಮೇಲೆ ನಾನು ಕೇಳಲೇಬೇಕಾಯಿತು. ಅವಳೂ ಅವತ್ತು ಹೇಳಿದಳು. ಮಂಪರು ಇಳಿದಿದ್ದರೆ ಹೇಳುತ್ತಿರಲಿಲ್ಲವೇನೋ.

ಕರಾವಳಿಯ ಪ್ರತಿ ಮನೆತನಕ್ಕೂ ತನ್ನದೊಂದು ನಾಗನ ಜಾಗವಿರುತ್ತದೆ. ಅಂಬುಜಾಳ ತಂದೆಯ ಮನೆಯವರದು ಗದ್ದೆಯಾಚೆ, ಕೊಡಲಿ ಮುಟ್ಟದ ಮರಗಳ ಗುಂಪಿನೊಳಗೆ ಇತ್ತು. ನಾಗರಪಂಚಮಿಗೆ ಗಂಡಸರು ಹಾಲು, ಎಳನೀರು ಹಿಡಿದು ಒಳಗೆ ಹೋಗಿ ಅದನ್ನು ತನುವೆಂದು ಕಲ್ಲಿಗೆ ಎರೆದು ಬರುತ್ತಿದ್ದರು. ಅವರ ಮನೆಯ ರೂಢಿಯಲ್ಲಿ ಹೆಣ್ಣುಮಕ್ಕಳು ಒಳಗೆ ಹೋಗುವಂತಿರಲಿಲ್ಲ. ಹೊರಗಿನ ಕಲ್ಲುಮೆಟ್ಟಿಲ ಬಳಿ ಕೈಮುಗಿದು ನಿಲ್ಲಬೇಕಿತ್ತು. ಮದುವೆಯಾದ ಹೆಣ್ಣಿಗೆ ಗಂಡನ ಮನೆಯ ನಾಗ ಸಿಗುತ್ತಾನೆ. ಆಗದ ಅಂಬುಜಾಳಿಗೆ ತಂದೆಯ ಬನವೇ ಉಳಿದಿತ್ತು. ರಜೆಯಲ್ಲಿ ಹೋದಾಗಲೆಲ್ಲ ಆ ಮೆಟ್ಟಿಲ ಬಳಿ ಹೋಗಿ ನಿಂತು ಬರುತ್ತಿದ್ದಳು.

"ಒಳಗೆ ಎಂತ ಇತ್ತು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ ಉಷಾ."

"ಇತ್ತು ಅಂದ್ರೆ?"

"ಈಗ ಇಲ್ಲ."

ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಒಂದರ ಹಿಂದೆ ಒಂದು ಕಾಯಿಲೆ. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದಾಗ ನಾಗನಿಗೆ ಶುಚಿಯಾದ ಕಟ್ಟೆ ಬೇಕೆಂದು ಬಂತಂತೆ. ತಮ್ಮ ಚಿದಾನಂದ ಮರಗಳನ್ನು ಕಡಿಸಿದ. ಗ್ರಾನೈಟಿನ ಕಟ್ಟೆ, ಮೇಲೆ ಶೀಟು, ಸುತ್ತ ಇಂಟರ್‌ಲಾಕ್ ಇಟ್ಟಿಗೆ ಹಾಸಿದ. ಎಲ್ಲ ಮುಗಿದ ಮೇಲೆ ಅಕ್ಕನಿಗೆ ಫೋಟೋ ಕಳುಹಿಸಿದ. ಅಕ್ಕ ಒಂದು ಮಾತೂ ಬೈಯಲಿಲ್ಲ. ಆದರೆ ಅಂದಿನಿಂದ ಊರಿಗೆ ಹೋಗಿರಲಿಲ್ಲ. ಭಾನುವಾರಗಳಂದು ತಮ್ಮ ಫೋನ್ ಮಾಡುತ್ತಿದ್ದ. ಅವನ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದರು. ಕೊನೆಗೆ ಅವನು 'ಈ ವರ್ಷ ಬರ್ತೀಯಾ ಅಕ್ಕ?' ಎನ್ನುತ್ತಿದ್ದ. ಇವಳು 'ನೋಡುವ' ಎನ್ನುತ್ತಿದ್ದಳು.

"ಮತ್ತೆ ಗಿಡ ನೆಟ್ಟರಾಯಿತು," ಎಂದೆ ನಾನು. ನನ್ನ ಕಸುಬಿನ ಮಾತು ಅದು.

"ತೋಟ ನೆಡ್ಬಹುದು. ಬನ ನೆಡ್ಲಿಕ್ಕೆ ಆಗೂದಿಲ್ಲ. ಅದು ಇದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಕಾಡು ಹೇಗೆ ಹುಟ್ಟುತ್ತದೆ ಎಂದು ಆಸ್ಪತ್ರೆಯ ಹಾಸಿಗೆಯ ಪಕ್ಕ ಪಾಠ ಮಾಡುವುದು ಸರಿಯೆನಿಸಲಿಲ್ಲ. ಅಲ್ಲಿಂದ ಮುಂದೆ ಅವಳನ್ನು ಗಮನಿಸತೊಡಗಿದೆ. ಪೀಕ್ ಡಿಸ್ಟ್ರಿಕ್ಟಿನಲ್ಲಿ ಕಾರು ಹೋಗುತ್ತಿರುವಾಗ ಹೊಲದ ನಡುವೆ ನಾಲ್ಕು ಮರ ಒತ್ತಾಗಿ ನಿಂತಿದ್ದರೆ ಸಾಕು, ಅವಳು ಮಾತು ನಿಲ್ಲಿಸುತ್ತಿದ್ದಳು. ಅದು ಹಿಂದೆ ಸರಿಯುವವರೆಗೂ ಕತ್ತು ತಿರುಗಿಸಿ ನೋಡುತ್ತಿದ್ದಳು. ಮಂಡಿ ವಾಸಿಯಾದ ಮೇಲೂ ಊರಿನ ಮಾತೆತ್ತಲಿಲ್ಲ. ಕಾಲುನೋವು ಕಾರಣವಾಗಿರಲಿಲ್ಲವೆಂದು ನನಗೆ ಆಗ ತಿಳಿಯಿತು. ಹೋಗಲು ಅವಳಿಗೆ ಜಾಗವೇ ಉಳಿದಿರಲಿಲ್ಲ.

ಕಳೆದ ನವೆಂಬರಿನಲ್ಲಿ ನಾವಿಬ್ಬರೂ ಜಪಾನಿಗೆ ಹೋದೆವು. ಹೊರಡಿಸಿದವಳು ನಾನು. ಅಲ್ಲಿಯ ಪಾಚಿಯ ತೋಟಗಳನ್ನು ನೋಡಬೇಕೆಂದು ಬಹಳ ವರ್ಷಗಳಿಂದ ಇತ್ತು. ಹೊಸ ಮಂಡಿ ಎಷ್ಟು ದೂರ ನಡೆಯುತ್ತದೋ ನೋಡೋಣವೆಂದು ಅವಳು ಬಂದಳು. ನಾಲ್ಕನೆಯ ದಿನ ಪಾಚಿಯ ತೋಟಕ್ಕೆ ಹೊರಟಿದ್ದೆವು. ಒಂದೇ ಡಬ್ಬಿಯ ರೈಲು. ಎದುರಿನ ರೈಲಿಗೆ ದಾರಿ ಬಿಡಲು ಪುಟ್ಟ ನಿಲ್ದಾಣವೊಂದರಲ್ಲಿ ನಿಂತಿತು. ಹೊರಗೆ ಕೊಯ್ಲಾದ ಗದ್ದೆಗಳು, ಗದ್ದೆಯಾಚೆ ಬೆಟ್ಟದ ಬುಡದಲ್ಲಿ ಕಪ್ಪಗೆ, ಒತ್ತಾಗಿ, ಒಂದು ಕಾಡಿನ ತುಂಡು.

"ಇಳಿ ಉಷಾ."

"ಇದಲ್ಲ ನಮ್ಮ ಸ್ಟೇಷನ್. ಇನ್ನೂ ಮುಂದಿದೆ."

"ಗೊತ್ತುಂಟು. ಇಳಿ."

"ಹುಚ್ಚಾ ನಿಂಗೆ? ತೋಟಕ್ಕೆ ಟೈಮ್ ಕೊಟ್ಟಿದಾರೆ. ತಡವಾದ್ರೆ ಒಳಗೆ ಬಿಡಲ್ಲ."

"ನಿನ್ನ ಪಾಚಿ ನಮ್ಮನೆ ಬಾವಿಕಟ್ಟೆಯಲ್ಲಿ ಬೇಕಾದಷ್ಟು ಇತ್ತು. ಇಳಿ ಮಾರಾಯ್ತಿ, ಬಾಗಿಲು ಹಾಕ್ತದೆ."

ಅವಳು ಇಳಿದೇಬಿಟ್ಟಳು. ನಾನು ಇಳಿಯದೆ ಏನು ಮಾಡಲಿ? ಪಾಸ್‌ಪೋರ್ಟುಗಳು ಅವಳ ಚೀಲದಲ್ಲಿದ್ದವು.

ಗದ್ದೆಯಂಚಿನಲ್ಲಿ ಅವಳು ಮುಂದೆ, ನಾನು ಹಿಂದೆ. ಊರುಗೋಲು ಹಿಡಿದಿದ್ದರೂ ನನಗಿಂತ ವೇಗವಾಗಿ ನಡೆದಳು. ಎಲೆ ಉದುರಿದ ಮರಗಳಲ್ಲಿ ಕಿತ್ತಳೆ ಬಣ್ಣದ ಹಣ್ಣುಗಳು ತೂಗುತ್ತಿದ್ದವು. ಅದೇನು ಹಣ್ಣು ಎಂದು ಅವಳು ಕೇಳಲಿಲ್ಲ. ಸಾಮಾನ್ಯವಾಗಿ ಕೇಳುತ್ತಾಳೆ. ಕಾಡಿನ ಅಂಚಿಗೆ ಬಂದಾಗ ಬಣ್ಣ ಹೋದ ಮರದ ಕಮಾನು ಕಂಡಿತು. ಒಳಗೊಂದು ದೇವರ ಗುಡಿ ಇದೆ ಎಂಬುದರ ಗುರುತು ಅದು. ಅಂಬುಜಾ ಕಮಾನಿನ ಹೊರಗೆ ಬೂಟು ಬಿಚ್ಚಿದಳು. ಕಾಲುಚೀಲವನ್ನೂ ಬಿಚ್ಚಿದಳು.

"ಇಲ್ಲಿ ಯಾರೂ ಬೂಟು ತೆಗೆಯಲ್ಲ ಕಣೇ."

"ಅದು ಅವರಿಷ್ಟ."

ನಾನು ಕಮಾನು ದಾಟಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದೆ. ಅವಳು ಬರಿಗಾಲಿನಲ್ಲಿ, ಕೈಮುಗಿದುಕೊಂಡು, ಹೊರಗೇ ನಿಂತಿದ್ದಳು.

"ಏನು, ಬರಲ್ವಾ?"

"ಹೋಗ್ಬಹುದಾ?"

ಸಾವಿರಾರು ಜನರ ಉಸಿರನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದವಳು, ನನ್ನನ್ನು ಹಾಗೆ ಕೇಳಿದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ.

"ಯಾರು ತಡೀತಾರೆ? ಬಾ."

ಬಂದಳು. ತಲೆ ತಗ್ಗಿಸಿ, ಕಾಲೆಳೆಯುತ್ತ, ಅಪರಿಚಿತರ ಮನೆಯ ಅಡುಗೆಮನೆಗೆ ಹೋಗುವವಳ ಹಾಗೆ. ಆಮೇಲೆ ತಲೆ ಎತ್ತಿದಳು. ಮತ್ತೆ ಇಳಿಸಲಿಲ್ಲ. ಒಳಗೆ ಬೆಳಕು ಹಸಿರಾಗಿತ್ತು, ಸದ್ದಿರಲಿಲ್ಲ. ದಾರಿಯ ಪಕ್ಕ ಕಲ್ಲಿನ ತೊಟ್ಟಿ, ಅದರ ಮೇಲೆ ಬಿದಿರಿನ ಸೌಟುಗಳು. ಅಂಬುಜಾ ಸೌಟಿನಿಂದ ಅಂಗೈಗೆ ನೀರು ಬಿಟ್ಟುಕೊಂಡು ಮೂರು ಬಾರಿ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡಳು.

"ಅದು ತೀರ್ಥ ಅಲ್ಲ. ಕೈಬಾಯಿ ತೊಳೆಯೋ ನೀರು."

"ಹೊಟ್ಟೆಯನ್ನೂ ತೊಳೀಲಿ."

ಗುಡಿ ಒಬ್ಬಳೇ ಹೆಂಗಸು ನಿಲ್ಲಬಹುದಾದಷ್ಟು ಚಿಕ್ಕದು, ಬಾಗಿಲು ಮುಚ್ಚಿತ್ತು. ಅದರ ಮಗ್ಗುಲಲ್ಲಿ ಪಾಚಿ ಹಿಡಿದ ಕಲ್ಲೊಂದು ನೆಟ್ಟಗೆ ನಿಂತಿತ್ತು. ಅಂಬುಜಾ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂರಲು ನೋಡಿದಳು. ಮಂಡಿ ಒಪ್ಪಲಿಲ್ಲ. ನಿಂತೇ ಚೀಲದಿಂದ ಹಾಲಿನ ಪುಟ್ಟ ಪೆಟ್ಟಿಗೆ ತೆಗೆದಳು. ಬೆಳಿಗ್ಗೆ ಚಹಾಕ್ಕೆಂದು ಕೊಂಡದ್ದು. ನಾನು ಬೇಡವೆನ್ನುವಷ್ಟರಲ್ಲಿ ಕಲ್ಲಿನ ನೆತ್ತಿಯ ಮೇಲೆ ಅಷ್ಟನ್ನೂ ಎರೆದಳು. ಹಾಲು ಕೊರೆದ ಅಕ್ಷರಗಳಲ್ಲಿ ಇಳಿದು ಬಂತು. ನಾನು ಫೋನನ್ನು ಅಕ್ಷರಗಳಿಗೆ ಹಿಡಿದು ಅನುವಾದ ಮಾಡಿಸಿದೆ.

"ಇದು ದೇವರಲ್ಲ ಅಂಬುಜಾ. ಈ ದಾರಿ ರಿಪೇರಿಗೆ ಸಹಾಯ ಮಾಡಿದವರ ಹೆಸರು."

ಅವಳು ಕಲ್ಲನ್ನು ನೋಡಿದಳು, ಖಾಲಿ ಪೆಟ್ಟಿಗೆಯನ್ನು ನೋಡಿದಳು. "ಪುಣ್ಯಾತ್ಮರು. ಕುಡೀಲಿ," ಎಂದಳು. ಇಬ್ಬರೂ ನಗತೊಡಗಿದೆವು. ಆಗ ಹಿಂದಿನಿಂದ ಪೊರಕೆ ಹಿಡಿದ ಮುದುಕಿಯೊಬ್ಬಳು ಬಂದಳು. ಅವಳು ನಗಲಿಲ್ಲ. ಏನೋ ಒಂದು ಮಾತಾಡಿ, ಹೋಗಿ ಬಕೆಟ್ಟು, ಬ್ರಷ್ಷು ತಂದಳು. ಇರುವೆ ಬರುತ್ತದೆ ಎಂದಿರಬೇಕು. ನಾನೂ ಅದನ್ನೇ ಹೇಳುತ್ತಿದ್ದೆ. ಅಂಬುಜಾ ಬ್ರಷ್ಷನ್ನು ಅವಳ ಕೈಯಿಂದ ತೆಗೆದುಕೊಂಡು ಕಲ್ಲನ್ನು ತಾನೇ ಉಜ್ಜಿದಳು. ಮುದುಕಿ ನೀರು ಹೊಯ್ದಳು.

ಅವರು ತೊಳೆಯುತ್ತಿರುವಾಗ ನಾನು ಮರಗಳನ್ನು ನೋಡಿದೆ. ದೇವದಾರಿನಂತೆ ನೆಟ್ಟಗೆ ಬೆಳೆಯುವ ಮರಗಳು, ಎಲ್ಲವೂ ಒಂದೇ ದಪ್ಪ. ಮೊದಲೇ ಕಾಣಬೇಕಿತ್ತು.

"ಅಂಬುಜಾ, ಇದು ನೆಟ್ಟ ಕಾಡು."

"ಸುಳ್ಳು ಹೇಳ್ಬೇಡ."

"ಸುಳ್ಳು ಹೇಳಿ ನನಗೇನಾಗಬೇಕು? ಸಾಲು ನೋಡು."

ಅವಳು ಒಂದು ಮರದ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದಳು. ಒಂದರ ಹಿಂದೆ ಒಂದು ಮರೆಯಾಗಿ, ಒಂದೇ ಮರದಂತೆ ಕಂಡಿರಬೇಕು. ಬಹಳ ಹೊತ್ತು ಹಾಗೇ ನಿಂತಳು. ಆಮೇಲೆ ಮುದುಕಿಯ ಕಡೆ ತಿರುಗಿ, ಮರ ತೋರಿಸಿ, ಯಾರು ನೆಟ್ಟದ್ದು ಎಂಬಂತೆ ಕೈ ಆಡಿಸಿದಳು. ಮುದುಕಿಗೆ ಅರ್ಥವಾಯಿತು. ಅಂಗೈಯನ್ನು ತನ್ನ ಸೊಂಟದ ಮಟ್ಟಕ್ಕೆ ಹಿಡಿದು, ಇಷ್ಟುದ್ದ ಇದ್ದೆ ಎಂಬಂತೆ ತೋರಿಸಿದಳು. ಬಗ್ಗಿ ಮಣ್ಣು ತೋಡಿದಂತೆ ಮಾಡಿದಳು. ಏನನ್ನೋ ಇಟ್ಟು ಎರಡೂ ಕೈಯಲ್ಲಿ ತಟ್ಟಿದಳು. ಆಮೇಲೆ ಬೆರಳನ್ನು ಮರದ ತುದಿಯವರೆಗೆ ಎತ್ತಿದಳು.

ವಾಪಸು ಬರುವಾಗ ಅಂಬುಜಾ ರೈಲಿನಲ್ಲಿ ಕಾಲುಚೀಲ ಹಾಕಿಕೊಳ್ಳುತ್ತ ಒಮ್ಮೆ ಕೇಳಿದಳು: "ನೆಟ್ಟದ್ದು ಅಂತ ನಂಗೆ ಒಳಗೆ ಹೋದಾಗ ಯಾಕೆ ಗೊತ್ತಾಗ್ಲಿಲ್ಲ?" ಅದು ಸಸ್ಯಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ.

ಶೆಫೀಲ್ಡಿಗೆ ಮರಳಿದ ನಂತರದ ಭಾನುವಾರ ನಾನು ಅವಳ ಮನೆಯಲ್ಲಿದ್ದೆ. ಅವಳು ಮಜ್ಜಿಗೆಹುಳಿ ಮಾಡುತ್ತಿದ್ದಳು, ಫೋನ್ ಸ್ಪೀಕರಿನಲ್ಲಿತ್ತು. ಚಿದಾನಂದ ತನ್ನ ಸಕ್ಕರೆಯ ವರದಿ ಒಪ್ಪಿಸತೊಡಗಿದ.

"ಅದಿರ್ಲಿ ಚಿದಾ. ಆ ಇಂಟರ್‌ಲಾಕ್ ತೆಗೆಸ್ತೀಯಾ?"

"ಎಂತಕ್ಕೆ?"

"ಗಿಡ ನೆಡ್ಲಿಕ್ಕೆ."

"ಈಗ ಹೇಳ್ತೀಯಾ ಅಕ್ಕ? ಇಷ್ಟು ವರ್ಷ ಒಂದು ಮಾತು ಬೈಲಿಲ್ಲ ನೀನು. ಬೈದಿದ್ರೆ ಆಗ್ಲೇ ಎಂತಾದ್ರೂ ಮಾಡ್ತಿದ್ದೆ."

"ಬೈದ್ರೆ ಮರ ಬರ್ತಿತ್ತಾ?"

"ನೀನಾದ್ರೂ ಬರ್ತಿದ್ದಿ."

ಅಂಬುಜಾ ಸೌಟು ಕೆಳಗಿಟ್ಟಳು. ಚಿದಾನಂದನೇ ಮುಂದುವರಿಸಿದ. "ಮಧ್ಯಾಹ್ನ ಅಲ್ಲಿ ಕಾಲಿಡ್ಲಿಕ್ಕೆ ಆಗೂದಿಲ್ಲ, ಗೊತ್ತುಂಟಾ? ಕಾದ ಕಾವಲಿ. ಪ್ರದಕ್ಷಿಣೆ ಬರುವವರು ಓಡ್ತಾರೆ. ಕಟ್ಟೆ ಮುಟ್ಲಿಕ್ಕೆ ಆಗ್ಲಿಕ್ಕಿಲ್ಲ, ಪ್ರತಿಷ್ಠೆ ಆಗಿದೆ. ಸುತ್ತ ತೆಗೆಸ್ಬಹುದು, ತಂತ್ರಿಗಳನ್ನು ಒಂದು ಮಾತು ಕೇಳಿ. ಆದ್ರೆ ಎಂತ ನೆಡೂದು? ಎಂತೆಂತ ಇತ್ತು ಅಲ್ಲಿ?"

ಅಂಬುಜಾ ನನ್ನ ಮುಖ ನೋಡಿದಳು.

"ನನ್ನನ್ಯಾಕೆ ನೋಡ್ತೀಯಾ? ನಾನು ಅದನ್ನ ಕಂಡವಳಲ್ಲ."

"ಚಿದಾ, ಒಳಗೆ ಹೋದವ ನೀನು. ನೀನೇ ಹೇಳು."

"ನಾನು ತನುವಿನ ತಂಬಿಗೆ ನೋಡ್ಕೊಂಡು ಹೋಗ್ತಿದ್ದೆ. ಚೆಲ್ಲಿದ್ರೆ ಅಪ್ಪ ಬಡೀತಿದ್ರು. ಮೇಲೆ ಯಾರು ನೋಡಿದ್ದು?"

ಒಬ್ಬಳು ಒಳಗೆ ಹೋಗಲಿಲ್ಲ, ಹೋದವನು ತಲೆ ಎತ್ತಲಿಲ್ಲ. ನಾನು ಒಲೆ ಆರಿಸಿ, ಮೌಖಿಕ ಪರೀಕ್ಷೆ ನಡೆಸುವವಳಂತೆ ಕೇಳತೊಡಗಿದೆ. ಹೊರಗಿನ ಮೆಟ್ಟಿಲ ಮೇಲೆ ಏನು ಬೀಳುತ್ತಿತ್ತು? ಸಣ್ಣ ಹೂ, ನಕ್ಷತ್ರದ ಹಾಗೆ, ಬಾಳೆನಾರಿನಲ್ಲಿ ಪೋಣಿಸುತ್ತಿದ್ದೆವು, ಒಣಗಿದರೂ ಪರಿಮಳ ಎಂದಳು ಅಂಬುಜಾ. ರೆಂಜೆ ಎಂದು ಚಿದಾನಂದನೇ ಹೇಳಿದ. ಕಡಿಯುವಾಗ ಏನು ಕಂಡೆ ಎಂದು ಅವನನ್ನು ಕೇಳಿದೆ.

"ಒಂದ್ರಿಂದ ಕೆಂಪು ರಸ ಬಂತು. ರಕ್ತದ ಹಾಗೆ. ಆಳುಗಳು ಕೊಡಲಿ ಬಿಟ್ಟು ದೂರ ನಿಂತ್ರು. ನಾನೇ ಹೋಗಿ ಕಡಿದದ್ದು."

"ಹೊನ್ನೆ," ಎಂದೆ.

"ಮತ್ತೆ ಆ ವಾಸನೆ," ಎಂದಳು ಅಂಬುಜಾ. "ಮಳೆಗಾಲ ಶುರುವಾಗುವಾಗ, ಸಂಜೆ, ಗದ್ದೆ ದಾಟಿ ಮನೆವರೆಗೆ ಬರ್ತಿತ್ತಲ್ಲ? ಅದು ಯಾವ್ದು ಚಿದಾ?"

"ಹೌದು ಹೌದು. ಅಮ್ಮ ಕಿಟಕಿ ತೆಗೀತಿದ್ರು. ಅದು ಯಾವ್ದು ಅಂತ... ಬಳ್ಳಿಯಾ ಮರವಾ?"

"ಉಷಾ?"

ಸಿಹಿಯೋ, ಒಗರೋ, ಹಣ್ಣಿನದೋ, ಎಲೆಯದೋ ಎಂದು ಕೇಳಿದೆ. ಅಕ್ಕ ಒಂದು ಹೇಳಿದಳು, ತಮ್ಮ ಇನ್ನೊಂದು ಹೇಳಿದ. ಐದಾರು ಹೆಸರು ನನ್ನ ತಲೆಗೆ ಬಂದವು. ಯಾವುದನ್ನೂ ಹೇಳಲಿಲ್ಲ. ಅವಳಿಗೆ ಸಮಾಧಾನವಾಗಲೆಂದು ಊಹೆಯೊಂದನ್ನು ಕೊಟ್ಟಿದ್ದರೆ ಅವಳು ಅದನ್ನೇ ನಂಬಿಬಿಡುತ್ತಿದ್ದಳು.

"ನೋಡದೆ ಹೇಳಲಾರೆ," ಎಂದೆ.

"ನೋಡ್ಲಿಕ್ಕೆ ಎಂತ ಉಂಟು ಈಗ?"

ಆ ಕಡೆಯಿಂದ ಕಾಗೆಯೊಂದು ಕೂಗುವುದು ಸ್ಪೀಕರಿನಲ್ಲಿ ಕೇಳುತ್ತಿತ್ತು.

"ಬರ್ತೀಯಾ ಅಕ್ಕ?"

"ಮಳೆ ಹಿಡಿಯುವ ಮೊದಲು ಬರ್ತೇನೆ. ಹೊಂಡ ತೆಗೆಸಿಡು. ಗಿಡ ನಾನೇ ನೆಡೂದು, ಒಳಗೆ ಬಂದು."

"ಒಳಗೆ ಅಂತ ಎಲ್ಲುಂಟು ಅಕ್ಕ? ಈಗ ಅಲ್ಲಿ ಒಳಗೂ ಇಲ್ಲ, ಹೊರಗೂ ಇಲ್ಲ."

ಅಂಬುಜಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಜ್ಜಿಗೆಹುಳಿಯ ಆವಿಗಿರಬಹುದು.

"ರೆಂಜೆ ಒಂದು ಬದಿಗೆ, ಹೊನ್ನೆ ಒಂದು ಬದಿಗೆ. ಆ ವಾಸನೆಯದ್ದಕ್ಕೆ ಮೂಲೆಯಲ್ಲಿ ಜಾಗ ಬಿಡು."

"ಅದ್ರಲ್ಲಿ ಎಂತ ನೆಡೂದು?"

"ಎಂತದೂ ಬೇಡ."

"ಹುಲ್ಲು ಬರ್ತದೆ ಅಕ್ಕ."

"ಬರ್ಲಿ. ಕೀಳ್ಬೇಡ."