ಡಬ್ಬಿಯ ಜೊತೆಗೊಂದು ಕಂಬಳಿ

ಶಾರ್‌ಖಾದ್ ಊರಿನ ಸಂತೆಸಾಲಿನಲ್ಲಿ ಇನ್ನೂ ಯಾವ ಬಾಗಿಲೂ ತೆರೆದಿಲ್ಲ. ಡಿಸೆಂಬರ್ ಮೊದಲ ವಾರ, ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ಹಳೆಯ ಕಬ್ಬಿಣದ ಸರಕು ಕಂಟೇನರಿಗೆ ಬಾಗಿಲು ಕಿಟಕಿ ಕೂರಿಸಿ ಮಾಡಿದ ಅಂಗಡಿಯಿಂದ ಮ್ಯಾದಗ್ಮಾ ಹೊರಗೆ ಬರುತ್ತಾರೆ. ಆಗಷ್ಟೇ ಕುದಿಸಿದ ಉಪ್ಪಿನ ಹಾಲುಚಹಾದ ಮೊದಲ ಸೌಟನ್ನು ಆಕಾಶಕ್ಕೆ ಎರಚುತ್ತಾರೆ. ಇಲ್ಲಿ ಎಲ್ಲ ಹೆಂಗಸರೂ ಬೆಳಗ್ಗೆ ಮಾಡುವುದು ಇದನ್ನೇ. ಇವರು ಮಾತ್ರ ಸೌಟಿನಲ್ಲಿ ಉಳಿದ ಹನಿಯನ್ನು ಸೂರ್ಯ ಮೂಡುವ ದಿಕ್ಕಿಗೆ ಇನ್ನೊಮ್ಮೆ ಕೊಡವುತ್ತಾರೆ. ಅನ್ನ ಕೊಡುವ ಧಣಿಗೆ ಒಂದು ಗುಟುಕು ಹೆಚ್ಚು ಕೊಟ್ಟರೆ ತಪ್ಪೇನು ಎಂಬುದು ಅವರ ಲೆಕ್ಕ.

ಒಳಗೆ ಬಂದು ಒಲೆಗೆ ಒಣ ಸಗಣಿ ತುರುಕಿ, ಮೇಜಿನ ಮೇಲಿದ್ದ ಅಂಗೈಯಗಲದ ಡಬ್ಬಿಯೊಂದನ್ನು ಎತ್ತಿ ಮೂಗಿಗೆ ಹಿಡಿಯುತ್ತಾರೆ. ಮೀಟರು ಆಮೇಲೆ, ಮೂಗು ಮೊದಲು.

"ಇದು ಹೋಗಿದೆ. ಚಳಿಗೆ ಹೋಗಿದೆ," ಅನ್ನುತ್ತಾರೆ.

ಡಬ್ಬಿಯೆಂದರೆ ಚಾರ್ಜ್ ಕಂಟ್ರೋಲರ್. ಸೋಲಾರ್ ಫಲಕಕ್ಕೂ ಬ್ಯಾಟರಿಗೂ ನಡುವೆ ಕೂತು, ಬಿಸಿಲು ಕೊಟ್ಟದ್ದನ್ನು ಬ್ಯಾಟರಿಯ ಹೊಟ್ಟೆಗೆ ಹದವಾಗಿ ಉಣಿಸುವುದು ಅದರ ಕೆಲಸ. ಫಲಕ ಎಲ್ಲರ ಕಣ್ಣಿಗೂ ಬೀಳುತ್ತದೆ, ಬ್ಯಾಟರಿಯನ್ನು ಎಲ್ಲರೂ ಎತ್ತಿ ನೋಡುತ್ತಾರೆ, ಬಲ್ಬು ಉರಿದರೆ ಎಲ್ಲರೂ ಮೆಚ್ಚುತ್ತಾರೆ. ಈ ಡಬ್ಬಿಯ ಹೆಸರು ಬರುವುದು ಅದು ಕೈಕೊಟ್ಟಾಗ ಮಾತ್ರ. ಮ್ಯಾದಗ್ಮಾ ಅವರ ಕಥೆಯೂ ಹೆಚ್ಚುಕಡಿಮೆ ಹಾಗೆಯೇ.

ಅವರಿಗೀಗ ಐವತ್ನಾಲ್ಕು. ಹರೆಯದಲ್ಲಿ ಊರಿನ ಡೀಸೆಲ್ ವಿದ್ಯುತ್ ಮನೆಯಲ್ಲಿ ಕೆಲಸಕ್ಕಿದ್ದರು. ಸಂಜೆ ಮೂರು ಗಂಟೆ ಕರೆಂಟು, ಅದೂ ಊರಿಗೆ ಮಾತ್ರ. ಹುಲ್ಲುಗಾವಲಿನ ಗೆರ್‌ಗಳಿಗೆ, ಅಂದರೆ ಕುರಿಗಾಹಿಗಳ ದುಂಡನೆಯ ಉಣ್ಣೆ ಮನೆಗಳಿಗೆ, ಮೇಣದ ಬತ್ತಿಯೇ ಗತಿ. ಆ ಯಂತ್ರ ನಿಂತ ಮೇಲೆ ಸೋಲಾರ್ ಬಂತು. ಡಬ್ಬಿಯ ಜೊತೆ ಬಂದ ಪರಭಾಷೆಯ ಹಾಳೆಯಲ್ಲಿ ಚಿತ್ರಗಳನ್ನಷ್ಟೇ ನೋಡುತ್ತ, ನಾಲ್ಕು ಡಬ್ಬಿ ಸುಟ್ಟು, ಐದನೆಯದರಲ್ಲಿ ಕೆಲಸ ಕಲಿತರು. ಈಗ ಆರುನೂರ ಹನ್ನೆರಡು ಗೆರ್‌ಗಳ ಬೆಳಕು ಅವರ ಕೈಯಲ್ಲಿದೆ. ಹಳೆಯ ರಷ್ಯನ್ ವ್ಯಾನಿನಲ್ಲಿ ವರ್ಷಕ್ಕೆ ಹನ್ನೊಂದು ಸಾವಿರ ಕಿಲೋಮೀಟರ್ ಓಡಾಟ. ಅದರಲ್ಲಿ ರಸ್ತೆ ಅನ್ನುವಂಥದ್ದು ಇನ್ನೂರು ಇದ್ದರೆ ಹೆಚ್ಚು. ಕಿರುಬೆರಳ ತುದಿಯನ್ನು ಚಳಿ ಕಿತ್ತುಕೊಂಡಿದೆ. ಸ್ಕ್ರೂ ಬಿಗಿಮಾಡಲು ಕಿರುಬೆರಳು ಬೇಕಿಲ್ಲ, ದೇವರು ನೋಡಿಯೇ ತಗೊಂಡಿದ್ದಾನೆ ಎಂದು ನಗುತ್ತಾರೆ.

ಒಂಬತ್ತರ ಹೊತ್ತಿಗೆ ಆ ಸತ್ತ ಡಬ್ಬಿಯ ಧಣಿ ಚೊಯ್ಜಿಲ್ ಬರುತ್ತಾನೆ. ತೊಂಬತ್ತು ಕಿಲೋಮೀಟರ್ ದೂರದ ಚಳಿಗಾಲದ ಬೀಡಿನಿಂದ ಹಿಂದಿನ ದಿನವೇ ಬೈಕಿನಲ್ಲಿ ಬಂದು, ಡಬ್ಬಿ ಕೊಟ್ಟು, ನೆಂಟರ ಮನೆಯಲ್ಲಿ ಉಳಿದಿದ್ದವನು. ಹೆಂಡತಿ ಉರಂಗೋ ಬಸುರಿ. ಫೆಬ್ರವರಿ ಕೊನೆಗೆ ಹೆರಿಗೆ. ಅಲ್ಲಿ ಬೆಳಕಿಲ್ಲದಿದ್ದರೆ ಹೇಗೋ ನಡೆದೀತು, ಫೋನು ಸತ್ತರೆ ನಡೆಯದು. ಅದು ಇಬ್ಬರಿಗೂ ಗೊತ್ತು, ಆದ್ದರಿಂದ ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಪಟ್ಟಣದ ಭಾವಮೈದುನ ಎರಡು ದೊಡ್ಡ ಫಲಕ ತಂದುಕೊಟ್ಟನಂತೆ. ಎರಡನ್ನೂ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಇದ್ದ ಡಬ್ಬಿಗೇ ಸಿಕ್ಕಿಸಿದನಂತೆ. ಶರತ್ಕಾಲವಿಡೀ ಕುದುರೆಯ ಹಾಗೆ ಓಡಿದ್ದು, ಚಳಿ ಬಿದ್ದ ಬೆಳಗ್ಗೆ ಪಟ್ ಅಂದಿತಂತೆ. ಈಗ ಚೊಯ್ಜಿಲ್‌ನ ಕಣ್ಣು ಮೇಲಿನ ಹಲಗೆಯ ಮೇಲಿರುವ, ಅಂಕಿ ತೋರಿಸುವ ದೊಡ್ಡ ಪರದೆಯ ಅರವತ್ತು ಆಂಪಿಯರ್ ಡಬ್ಬಿಯ ಮೇಲೆ ನೆಟ್ಟಿದೆ.

"ದೊಡ್ಡದೇ ಕೊಡಕ್ಕಾ. ಚಿಕ್ಕದು ತಗೊಂಡು ಮತ್ತೆ ಪರದಾಡೋದ್ಯಾಕೆ?"

"ನಿಂಗೆ ಬೇಕಾಗಿರೋದು ಬೆಳಕೋ, ಪರದೆ ನೋಡ್ಕೊಂಡು ಕೂತ್ಕೊಳ್ಳೋದೋ?"

"ಪಕ್ಕದ ಬೀಡಿನವರ ಹತ್ರ ಅದೇ ಇದೆ."

"ಅವರ ಹತ್ರ ಎರಡು ಟಿವಿನೂ ಇದೆ. ಕುರಿ ಮಾತ್ರ ನಿನಗಿಂತ ಕಮ್ಮಿ."

ಮ್ಯಾದಗ್ಮಾ ಯಾರಿಗೇ ಡಬ್ಬಿ ಕೊಡುವ ಮೊದಲು ಮೂರು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು: ಮನೆಯಲ್ಲಿ ಉರಿಯುವುದು ಏನೇನು? ಚೊಯ್ಜಿಲ್ ಬೆರಳು ಮಡಚುತ್ತಾನೆ. ಎರಡು ಬಲ್ಬು, ಎರಡು ಫೋನು, ಒಂದು ಸಣ್ಣ ಟಿವಿ. ಅಷ್ಟಕ್ಕೆ ಒಂದೇ ಫಲಕ ಧಾರಾಳ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಈ ಹುಡುಗ ಕಾಲು ನೋಡದೆಯೇ ಹಾಸಿಗೆ ಹೊಲಿಸಲು ಬಂದಿದ್ದಾನೆ.

ಎರಡನೆಯ ಪ್ರಶ್ನೆ: ಫಲಕದ ಬೆನ್ನಿನ ಚೀಟಿಯಲ್ಲಿ ಎಷ್ಟು ವೋಲ್ಟ್ ಬರೆದಿದೆ? ಮೂವತ್ತೇಳು. ಎರಡು ಸೇರಿ ಎಪ್ಪತ್ನಾಲ್ಕು. ಡಬ್ಬಿ ತಡೆಯುವುದು ಎಂಬತ್ತು. ಹಾಗಾದರೆ ಸುಟ್ಟಿದ್ದು ಯಾಕೆ ಎಂದು ಚೊಯ್ಜಿಲ್ ಕೇಳುತ್ತಾನೆ. ಚಳಿಗಾಲದ ಸೂರ್ಯ ಮೊದಲೇ ಮುದುಕನಲ್ಲವೇ?

"ಎಲ್ಲರೂ ಇಲ್ಲೇ ಎಡವೋದು," ಅನ್ನುತ್ತಾರೆ ಮ್ಯಾದಗ್ಮಾ. "ಸೂರ್ಯ ಮುದುಕ, ಒಪ್ಪಿದೆ. ಆದ್ರೆ ಚಳಿಯಲ್ಲಿ ಫಲಕಕ್ಕೆ ಸೊಕ್ಕು ಬರುತ್ತೆ. ಬೇಸಿಗೆಲಿ ಎಪ್ಪತ್ನಾಲ್ಕು ಇದ್ದದ್ದು ಈ ಚಳಿಗೆ ಎಂಬತ್ತಾರಕ್ಕೆ ಏರುತ್ತೆ. ಆ ದೊಡ್ಡ ಡಬ್ಬಿ ಬೆನ್ನೂ ಓದು. ಅದೂ ತಡೆಯೋದು ಎಂಬತ್ತೇ."

ಚೊಯ್ಜಿಲ್ ಓದುತ್ತಾನೆ. ಎಂಬತ್ತೇ ಇದೆ. ಆಂಪಿಯರ್ ದೊಡ್ಡ ಅಕ್ಷರದಲ್ಲಿ, ವೋಲ್ಟ್ ಇರುವೆ ಅಕ್ಷರದಲ್ಲಿ. ಮ್ಯಾದಗ್ಮಾ ಕೆಳಗಿನ ಹಲಗೆಯಿಂದ ಪರದೆಯೇ ಇಲ್ಲದ, ಮೂರು ಪುಟ್ಟ ದೀಪಗಳ ಬೂದುಬಣ್ಣದ ಡಬ್ಬಿ ತೆಗೆಯುತ್ತಾರೆ. ಹೆಚ್ಚು ವೋಲ್ಟನ್ನು ಇಳಿಸಿ, ಏನನ್ನೂ ಪೋಲು ಮಾಡದೆ ಬ್ಯಾಟರಿಗೆ ಉಣಿಸುವ ಜಾತಿಯದು. ಒಂದೇ ಫಲಕ ಕಟ್ಟು, ಇನ್ನೊಂದನ್ನು ಬೆಳಕಿಲ್ಲದ ಯಾವುದಾದರೂ ಗೆರ್‌ಗೆ ಕೊಡು ಎಂದು ಹೇಳುತ್ತಾರೆ. ದೊಡ್ಡ ಡಬ್ಬಿ ಮಾರಿದ್ದರೆ ಅವರಿಗೆ ಲಾಭ ಮೂರು ಪಟ್ಟು. ಅದು ಹಲಗೆಯ ಮೇಲೆ ಹೋದ ವರ್ಷದಿಂದ ಧೂಳು ತಿನ್ನುತ್ತಿದೆ.

ಮೂರನೆಯ ಪ್ರಶ್ನೆಯನ್ನು ಚೊಯ್ಜಿಲ್‌ಗೆ ಕೇಳುವ ಅಗತ್ಯವಿಲ್ಲ. ಅದು ಹುಟ್ಟಿದ್ದೇ ಅವನ ಮನೆಯಲ್ಲಿ.

ಮೂರು ವರ್ಷದ ಹಿಂದಿನ ವಸಂತ. ಬೀಡು ಬದಲಿಸುವ ಕಾಲ. ಒಂದೇ ತಿಂಗಳಲ್ಲಿ ಹದಿನೇಳು ಡಬ್ಬಿಗಳು ಸತ್ತು ಬಂದವು. ಕಳಪೆ ಮಾಲು ಮಾರುತ್ತಾಳೆ ಎಂದು ಊರೆಲ್ಲ ಆಡಿಕೊಂಡಿತು. ಮ್ಯಾದಗ್ಮಾ ಬೇರೆ ಡಬ್ಬಿ ತರಿಸಿದರು, ಇನ್ನೂ ದುಬಾರಿಯದು ತರಿಸಿದರು, ಅವೂ ಸತ್ತವು. ಅಂಥ ಸತ್ತ ಡಬ್ಬಿಯೊಂದು ಚೊಯ್ಜಿಲ್‌ನ ಗೆರ್‌ನಲ್ಲಿದ್ದಾಗಲೇ ಅವನ ತಾಯಿ ಖಂದಾ ಅಜ್ಜಿಗೆ ಲಕ್ವ ಹೊಡೆಯಿತು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಬೈಕಿಗೆ ಪೆಟ್ರೋಲೂ ಇರಲಿಲ್ಲ. ಚೊಯ್ಜಿಲ್ ಕುದುರೆ ಏರಿ ಹೊರಟು, ವೈದ್ಯರನ್ನು ಕರೆತರುವಷ್ಟರಲ್ಲಿ ಒಂದು ಹಗಲು ಪೂರ್ತಿ ಕಳೆದಿತ್ತು. ಅಜ್ಜಿ ಉಳಿದರು. ಎಡಗೈ ಉಳಿಯಲಿಲ್ಲ.

"ಆ ಡಬ್ಬಿ ನಾನೇ ಕೊಟ್ಟಿದ್ದು," ಅನ್ನುತ್ತಾರೆ ಮ್ಯಾದಗ್ಮಾ. ಈ ಮಾತು ಹೇಳುವಾಗ ಅವರು ಯಾರ ಮುಖವನ್ನೂ ನೋಡುವುದಿಲ್ಲ.

ಮನಸ್ಸು ತಡೆಯದೆ ಮುಂದಿನ ಸಲ ಆ ಮನೆಯವರು ಬೀಡು ಬದಲಿಸುವಾಗ ಕೈಜೋಡಿಸಲು ಹೋದರು. ಅಲ್ಲಿ ಕಣ್ಣಾರೆ ಕಂಡರು. ಗೆರ್ ಬಿಚ್ಚುವುದಕ್ಕೆ ಅಜ್ಜನ ಕಾಲದ ಒಂದು ಕ್ರಮವಿದೆ: ಒಳಗಿನ ಸಾಮಾನು ಮೊದಲು, ಹೊರಗಿನ ಹೊದಿಕೆ ಆಮೇಲೆ. ಬ್ಯಾಟರಿ ಇರುವುದು ಒಳಗೆ, ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ. ಹಾಗಾಗಿ ಮೊದಲು ಕಿತ್ತದ್ದು ಅದನ್ನೇ. ಫಲಕ ಹೊರಗೆ ಬಿಸಿಲಲ್ಲಿ ಹೊಳೆಯುತ್ತಲೇ ಇತ್ತು. ಉಣ್ಣುವ ಬಾಯಿ ಎದ್ದುಹೋಗಿದೆ, ಬಡಿಸುವ ಕೈ ನಿಂತಿಲ್ಲ. ನಡುವೆ ಸಿಕ್ಕ ಡಬ್ಬಿಯ ದೀಪ ಎರಡು ಸಲ ಮಿಟುಕಿ ಆರಿತು. ಫಲಕದ ತಂತಿಯನ್ನು ಮೊದಲು ಬಿಚ್ಚಬೇಕು, ಬ್ಯಾಟರಿಯದ್ದನ್ನು ಆಮೇಲೆ. ಆ ಪರಭಾಷೆಯ ಹಾಳೆಯಲ್ಲಿ ಅದೇ ಬರೆದಿತ್ತು ಎಂದು ಶಾಲೆಯ ಮೇಷ್ಟರಿಂದ ಓದಿಸಿದಾಗ ತಿಳಿಯಿತು. ಚಿತ್ರ ಮಾತ್ರ ಇರಲಿಲ್ಲ.

ಮನೆಮನೆಗೆ ಹೋಗಿ ಹೇಳಿದರು. ಎಲ್ಲರೂ ತಲೆಯಾಡಿಸಿದರು, ಗಂಟುಮೂಟೆ ಕಟ್ಟುವ ದಿನ ಕೈಗಳು ಹಳೆಯ ದಾರಿಯನ್ನೇ ಹಿಡಿದವು. ಅಜ್ಜನ ಕಾಲದ ಕ್ರಮಕ್ಕೆ ಎದುರು ನಿಂತು ಗೆದ್ದವರಿಲ್ಲ. ಆಗ ಅವರಿಗೆ ಹೊಳೆದದ್ದು ಗೆರ್‌ನ ನೆತ್ತಿಯ ಕಿಂಡಿ ಮುಚ್ಚುವ ಉಣ್ಣೆಯ ಹೊದಿಕೆ. ಅದರ ಹಗ್ಗ ಎಳೆಯುವುದನ್ನು ಇಲ್ಲಿ ಯಾರೂ ಮರೆಯುವುದಿಲ್ಲ. ಅದೇ ದಪ್ಪ ಉಣ್ಣೆಯಲ್ಲಿ ಫಲಕಕ್ಕೊಂದು ಕಂಬಳಿ ಹೊಲಿದು, ಹಗ್ಗ ಕಟ್ಟಿದರು. ಬೀಡು ಎತ್ತುವ ಬೆಳಗ್ಗೆ ಮೊದಲು ಸೂರ್ಯನನ್ನು ಮಲಗಿಸಿ, ಆಮೇಲೆ ಏನು ಬೇಕಾದರೂ ಬಿಚ್ಚಿಕೊಳ್ಳಿ ಎಂದರು. ಅಂದಿನಿಂದ ಅವರ ಮೂರನೆಯ ಪ್ರಶ್ನೆ: ಕಂಬಳಿ ಹೊದಿಸುವವರು ಯಾರು? ಹೆಸರು ಹೇಳದಿದ್ದರೆ ಡಬ್ಬಿ ಇಲ್ಲ. ಕಂಬಳಿಗೆ ಕಾಸು ತೆಗೆದುಕೊಳ್ಳುವುದಿಲ್ಲ. ಇದುವರೆಗೆ ಮುನ್ನೂರ ಎಂಬತ್ತು ಹೊಲಿದಿದ್ದಾರೆ. ಅಂಗಡಿಯ ಗೋಡೆಗೆ ನೇತುಹಾಕಿರುವ ಸತ್ತ ಡಬ್ಬಿಗಳ ಸರ ನಲವತ್ತೊಂದಕ್ಕೆ ನಿಂತಿತ್ತು. ಚೊಯ್ಜಿಲ್‌ನದು ನಲವತ್ತೆರಡನೆಯದು.

ಫೆಬ್ರವರಿಯ ಒಂದು ಬೆಳಗ್ಗೆ, ಚಹಾ ಎರಚಿ ಒಳಗೆ ಬರುವಷ್ಟರಲ್ಲಿ ಮ್ಯಾದಗ್ಮಾ ಅವರ ಫೋನು ಬಡಿದುಕೊಳ್ಳುತ್ತದೆ. ಚೊಯ್ಜಿಲ್. ಉರಂಗೋಗೆ ಮೂರು ವಾರ ಮುಂಚೆಯೇ ನೋವು ಬಂದಿದೆ. ಊರಿನ ಆಸ್ಪತ್ರೆಗೆ ಬಂದು ಕಾಯಬೇಕೆಂದುಕೊಂಡಿದ್ದ ದಿನಕ್ಕೆ ಇನ್ನೂ ಐದು ದಿನವಿತ್ತು. ವೈದ್ಯರಿಗೆ ಆಗಲೇ ಕರೆ ಮಾಡಿದ್ದಾನೆ, ಅವರ ಗಾಡಿ ಹೊರಟಿದೆ. ಹಾಗಾದರೆ ನನಗೇಕೆ ಫೋನು ಎಂದು ಮ್ಯಾದಗ್ಮಾ ಕೇಳುತ್ತಾರೆ.

"ಸುಮ್ನೆ, ಅಕ್ಕಾ. ಮೂರು ದೀಪವೂ ಉರೀತಿದೆ ಅಂತ ಹೇಳೋಣ ಅನ್ನಿಸ್ತು."

ವೈದ್ಯರು ಮಧ್ಯಾಹ್ನಕ್ಕೆ ತಲುಪುತ್ತಾರೆ. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಎಂದು ಹೇಳಹೊರಟು ಅಲ್ಲಿಗೇ ನಿಲ್ಲಿಸುತ್ತಾರೆ. ಹೆಣ್ಣುಮಗು, ತಾಯಿಯೂ ಮಗುವೂ ಕ್ಷೇಮ. ಸಂಜೆ ಸುದ್ದಿ ತಿಳಿದ ಮ್ಯಾದಗ್ಮಾ ಅಂಗಡಿಯ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅಳುತ್ತಾರೆ. ಹೊಗೆ ಕಣ್ಣಿಗೆ ಹೋಯಿತು ಎಂದು ಪಕ್ಕದ ಅಂಗಡಿಯವಳಿಗೆ ಹೇಳುತ್ತಾರೆ. ಒಲೆ ಆಗಲೇ ಆರಿತ್ತು.

ಏಪ್ರಿಲ್‌ನಲ್ಲಿ ಆ ಮನೆಯವರು ವಸಂತದ ಬೀಡಿಗೆ ಹೊರಡುವ ಬೆಳಗ್ಗೆ ಮ್ಯಾದಗ್ಮಾ ಅವರ ವ್ಯಾನು ಅತ್ತ ಹೋಗುತ್ತದೆ. ದಾರಿಯಲ್ಲಿ ಬೇರೆ ಕೆಲಸವಿತ್ತು ಎಂಬುದು ಅವರ ನೆಪ. ದಿಬ್ಬದ ಮೇಲೆಯೇ ಗಾಡಿ ನಿಲ್ಲಿಸಿ, ಇಳಿಯದೆ ನೋಡುತ್ತಾರೆ. ಗೆರ್ ಇನ್ನೂ ಬಿಚ್ಚಿಲ್ಲ. ಬಾಗಿಲು ತೆರೆಯುತ್ತದೆ, ಮೊದಲು ಹೊರಗೆ ಬರುವುದು ಪೆಟ್ಟಿಗೆಯಲ್ಲ, ಬ್ಯಾಟರಿಯಲ್ಲ, ಖಂದಾ ಅಜ್ಜಿ. ಬಲಗೈಯಲ್ಲಿ ಕಂಬಳಿ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಫಲಕದ ಮೇಲೆ ಎಸೆದು, ಹಗ್ಗವನ್ನು ಒಂದೇ ಕೈಯಲ್ಲಿ ಎರಡು ಸುತ್ತು ಬಿಗಿಯುತ್ತಾರೆ. ಮಗನಾಗಲಿ ಸೊಸೆಯಾಗಲಿ ನೆರವಿಗೆ ಬರುವುದಿಲ್ಲ. ಅದು ಅಜ್ಜಿಯ ಕೆಲಸ, ಬೇರೆ ಯಾರೂ ಮುಟ್ಟುವಂತಿಲ್ಲ.

ಆಮೇಲೆ ಅಜ್ಜಿ ಬಾಗಿಲ ಕಡೆ ತಿರುಗಿ ಕೂಗಿದ್ದು ದಿಬ್ಬದವರೆಗೂ ಕೇಳುತ್ತದೆ: "ಸೂರ್ಯ ಮಲಗಿದ. ಇನ್ನು ತೆಗೀರಿ."

ನಿಮಗೇನು ಆಸೆ ಎಂದು ಮ್ಯಾದಗ್ಮಾ ಅವರನ್ನು ಕೇಳಿದರೆ ಗೋಡೆಯ ಮೇಲಿನ ಸರದ ಮಾತು ಬರುತ್ತದೆ. ಅದು ನಲವತ್ತೆರಡಕ್ಕೇ ನಿಂತರೆ ಸಾಕಂತೆ. ಅಷ್ಟೆಯೇ ಎಂದರೆ ವ್ಯಾನಿನ ಕೀಲಿ ತಿರುಗಿಸುತ್ತ ಇನ್ನೊಂದು ಮಾತು ಸೇರಿಸುತ್ತಾರೆ.

"ಆ ಅಜ್ಜಿ ಒಂದು ಕೈ ನನ್ನ ಡಬ್ಬಿಯಿಂದ ಹೋಯ್ತು. ಇನ್ನೊಂದು ಕೈ ನನ್ನ ಕಂಬಳಿ ಹಿಡ್ಕೊಂಡಿದೆ. ಅವರು ಕ್ಷಮಿಸಿದ್ದಾರೋ ಅಂತ ಕೇಳೋ ಧೈರ್ಯ ನಂಗಿರಲಿಲ್ಲ. ಇವತ್ತು ಕೇಳೋದು ಬೇಕಾಗ್ಲಿಲ್ಲ."