ಪ್ಲಗ್ ಕಿತ್ತ ಮೇಲೆ ಬಂದ ಹಾಡು

ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಏನೋ ಮಾಡಿಬಿಟ್ಟಿತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಅದು ನಾವು ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ, ತಪ್ಪೇನಿದ್ದರೂ ನಮ್ಮ ಬೆರಳಿನದು ಎಂದು ಎಷ್ಟೋ ಜನರ ಬಾಯಿ ಮುಚ್ಚಿಸಿದವನು ನಾನು. ಈಗ ಹೇಳಹೊರಟಿರುವುದನ್ನು ಇನ್ನೊಬ್ಬರು ಹೇಳಿದ್ದರೆ ಅವರ ಬಾಯಿಯನ್ನೂ ಮುಚ್ಚಿಸುತ್ತಿದ್ದೆ. ಆದ್ದರಿಂದ ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನಮ್ಮದು ಕರಾವಳಿಯಿಂದ ಗುಜರಾತಿಗೆ ಬಂದ ಹೋಟೆಲಿನವರ ಕುಟುಂಬ. ಅಣ್ಣನ ಹೋಟೆಲು ಅಹಮದಾಬಾದಿನ ನರೋಡಾದಲ್ಲಿ, ಅಕ್ಕ-ಭಾವನದು ಸೂರತ್ತಿನ ಉಧ್ನಾದಲ್ಲಿ, ನನ್ನದು ಇವೆರಡರ ನಡುವೆ ವಡೋದರಾದ ಗೋರ್ವಾದಲ್ಲಿ. ಮೆನು ಕಾರ್ಡು, ಹಬ್ಬದ ತಿಂಡಿಯ ಬೋರ್ಡು ಎಲ್ಲ ಕಡೆ ಒಂದೇ ಇರಲೆಂದು ಮೂರೂ ಕಂಪ್ಯೂಟರುಗಳನ್ನು ಜೋಡಿಸಿದವನು ನಾನೇ. ಮೌಸ್ ಹಿಡಿದು ಫೈಲನ್ನು ಎಳೆದಾಡುವವರನ್ನು ಕಂಡರೆ ನನಗೆ ತಾತ್ಸಾರ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆದು, ಎಂಟರ್ ಒತ್ತಿ, ಫೈಲು ಊರಿಂದೂರಿಗೆ ಹೋಗುವುದನ್ನು ಕೈಕಟ್ಟಿ ನೋಡುವುದರಲ್ಲಿ ಒಂದು ಗತ್ತು ಇತ್ತು.

ಹಾಗೆ ಬರೆಯಲು ಪ್ರತಿ ಕಂಪ್ಯೂಟರಿಗೂ ಒಂದು ಗಿಡ್ಡ ಹೆಸರು ಬೇಕು. ಉಧ್ನಾದಿಂದ ಫೈಲುಗಳು ನನ್ನ ಕಡೆ ಬರಬೇಕಾದ್ದರಿಂದ ಅದಕ್ಕೆ ‘ಬಾ’ ಎಂದಿಟ್ಟೆ. ನರೋಡಾಕ್ಕೆ ನಾನು ಕಳಿಸುವುದಾದ್ದರಿಂದ ‘ಹೋಗು’ ಎಂದಿಟ್ಟೆ. ಅಣ್ಣ ಕೆಂಡವಾದ. “ನನ್ನ ಹೋಟೆಲಿಗೆ ‘ಹೋಗು’ ಅಂತ ಹೆಸರಾ? ನಿನ್ನ ಮಂಡೆ ಸಮ ಉಂಟಾ? ಹೋಗಿ ಬಾ ಅನ್ಬೇಕು ಮಾರಾಯ!” ಅದು ‘ಹೋಗಿಬಾ’ ಆಯಿತು. ಉಧ್ನಾದಲ್ಲಿ ಬೇರೆಯೇ ಕಥೆ. ಗುಜರಾತಿಯಲ್ಲಿ ‘ಬಾ’ ಎಂದರೆ ಅಮ್ಮ. ಅಲ್ಲಿ ಗಲ್ಲಾದಲ್ಲಿ ಕೂರುವ ಹೇತಲ್‌ಬೆನ್, ಅಮ್ಮನ ಮೇಲಿನ ಭಕ್ತಿಯಿಂದ ನಾನು ಆ ಹೆಸರಿಟ್ಟೆನೆಂದು ತಿಳಿದು ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಕುಂಕುಮ ಹಚ್ಚತೊಡಗಿದರು. ನಾನು ತಿದ್ದಲು ಹೋಗಲಿಲ್ಲ. ಅಕ್ಕನ ಮನೆಯಲ್ಲೇ ಇದ್ದ ನಮ್ಮ ಅಮ್ಮನಿಗೂ ಇದರಿಂದ ಖುಷಿಯಾಗಿತ್ತು.

ಅಮ್ಮನಿಗೆ ಒಂದು ಅಭ್ಯಾಸ. ಯಾರ ಕೈಯಲ್ಲಿ ಏನು ಕಳಿಸಿದರೂ, ಅದು ಉಪ್ಪಿನಕಾಯಿಯ ಭರಣಿಯಾಗಲಿ, ಒಂದು ಹಿಡಿ ಕರಿಬೇವಾಗಲಿ, ರೈಲು ಊರು ಮುಟ್ಟುವ ಮೊದಲೇ ಫೋನು ಬರುತ್ತಿತ್ತು: “ಬಂತಾ?” ಹಲೋ ಇಲ್ಲ, ಹೇಗಿದ್ದೀಯ ಎಂದಿಲ್ಲ. “ಬಂತಮ್ಮ” ಎಂದು ನಾವು ಹೇಳುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಮ್ಮ ತೀರಿಕೊಂಡ ಮರುವರ್ಷ ಅಕ್ಕನ ಮಗಳು ಈಶಾಳ ಮದುವೆ ಗೊತ್ತಾಯಿತು. ಈಶಾ ಸೂರತ್ತಿನಲ್ಲೇ ಬೆಳೆದವಳು, ಅವಳ ಮಾತಿನಲ್ಲಿ ಕನ್ನಡ ಊಟದೆಲೆಯ ಉಪ್ಪಿನಕಾಯಿಯಷ್ಟು. ಆದರೆ ಅಜ್ಜಿ ಎಂದರೆ ಪ್ರಾಣ. “ಮಾಮಾ, ನಾನು ಮಂಟಪಕ್ಕೆ ಬರುವಾಗ ಅಜ್ಜಿದೇ ಸಾಂಗ್ ಬೇಕು. ದೂಸ್ರಾ ಕುಛ್ ನಹೀ” ಎಂದಿದ್ದಳು. ಅಮ್ಮ ಒಮ್ಮೆ ಹೋಟೆಲಿನ ಅಡುಗೆಮನೆಯಲ್ಲಿ, ಗ್ರೈಂಡರಿನ ಗದ್ದಲದ ನಡುವೆ ಶೋಭಾನೆ ಹಾಡಿದ್ದನ್ನು ಅಕ್ಕ ಮೊಬೈಲಿನಲ್ಲಿ ಹಿಡಿದಿದ್ದಳು. ಆ ಮೊಬೈಲು ಆಮೇಲೆ ಸಾಂಬಾರಿನ ಪಾತ್ರೆಗೆ ಬಿದ್ದು ಸತ್ತಿತು. ಹಾಡು ಉಳಿದದ್ದು ಉಧ್ನಾದ ಕಂಪ್ಯೂಟರಿನಲ್ಲಿ ಮಾತ್ರ. ಅಮ್ಮನ ಧ್ವನಿ ಅಂತ ನಮಗೆ ಬೇರೆ ಇರಲಿಲ್ಲ.

ಮದುವೆ ನರೋಡಾದಲ್ಲಿ. ಮುನ್ನಾದಿನ ಅಕ್ಕ-ಭಾವ ಆಗಲೇ ಅಲ್ಲಿದ್ದರು. ಹಾಡನ್ನು ಉಧ್ನಾದಿಂದ ತರಿಸಿ ಅಣ್ಣನಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ತಾವೇ ಮೊಬೈಲಿನಿಂದ ಕಳಿಸುವುದಾಗಿ ಹೇತಲ್‌ಬೆನ್ ಹೇಳಿದರು. ನನ್ನ ಗತ್ತು ಬಿಡಬೇಕಲ್ಲ! ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಕಪ್ಪು ಪರದೆ ತೆರೆದು ಕೂತೆ.

ಆ ಆಜ್ಞೆಯಲ್ಲಿ ‘ಎಲ್ಲಿಂದ’ ಎಂಬುದನ್ನು ಮೊದಲು, ‘ಎಲ್ಲಿಗೆ’ ಎಂಬುದನ್ನು ಆಮೇಲೆ ಬರೆಯಬೇಕು. ನಾನೋ, ‘ನನ್ನ ಫೋಲ್ಡರಿಗೆ ಉಧ್ನಾದಿಂದ ಹಾಡು ತಾ’ ಎಂದು ಅಚ್ಚಗನ್ನಡದಲ್ಲಿ ಯೋಚಿಸಿ, ಯೋಚಿಸಿದ ಹಾಗೆಯೇ ಬರೆದೆ. ಸಾಲದ್ದಕ್ಕೆ, ಎರಡೂ ಕಡೆ ಒಂದೇ ಥರ ಮಾಡು, ಹೆಚ್ಚಿದ್ದದ್ದನ್ನು ಅಳಿಸು ಎಂಬ ಸೂಚನೆಯನ್ನೂ ಸೇರಿಸಿದ್ದೆ. ಅಚ್ಚುಕಟ್ಟಿನ ಚಟ ನೋಡಿ. ನನ್ನ ಫೋಲ್ಡರು ಖಾಲಿ ಇತ್ತು. ಕಂಪ್ಯೂಟರು ಹೇಳಿದ್ದನ್ನೇ ಮಾಡಿತು, ಉಧ್ನಾದ ಫೋಲ್ಡರನ್ನೂ ಖಾಲಿ ಮಾಡಿತು.

ಅಮ್ಮ ಎರಡನೆಯ ಸಲ ಹೋದ ಹಾಗಾಯಿತು, ಈ ಸಲ ನನ್ನ ಕೈಯಿಂದ. ಒಲೆಯ ಮುಂದಿನ ಭಟ್ಟರು ನೋಡುತ್ತಿದ್ದರೂ ನಾನು ಅತ್ತುಬಿಟ್ಟೆ.

ಹೇತಲ್‌ಬೆನ್‌ಗೆ ಫೋನು ಮಾಡಿ, ಏನಾದರೂ ಉಳಿದಿದೆಯೇ ನೋಡಿ ಎಂದೆ. “ಬಾ ನಾ ಪೇಟ್‌ಮಾ ಕಂಈ ನಥೀ, ಭಾಯ್” ಎಂದರು. ‘ಬಾ’ಳ ಹೊಟ್ಟೆಯಲ್ಲಿ ಏನೂ ಇಲ್ಲ. ಅಳಿದದ್ದರ ಮೇಲೆ ಹೊಸದೇನೂ ಬರೆಯದಿದ್ದರೆ ರಿಪೇರಿಯವರು ಮರಳಿ ತೆಗೆಯಬಹುದೇನೋ ಎಂಬ ಆಸೆಯಿಂದ, ತಕ್ಷಣ ಪ್ಲಗ್ ಕಿತ್ತುಬಿಡಿ ಎಂದೆ. ಕಿತ್ತರು. “ಬಾ ಬಂಧ್ ಥಈ ಗಯಾ!”, ಬಾ ನಿಂತುಹೋದರು, ಎಂದು ಅವರು ಗದ್ಗದರಾಗಿ ಹೇಳಿದ್ದು ಇಡೀ ಹೋಟೆಲಿಗೆ ಕೇಳಿಸಿತಂತೆ. ದೋಸೆ ತಿನ್ನುತ್ತಿದ್ದವರೊಬ್ಬರು ಎದ್ದು ಕೈಮುಗಿದರಂತೆ. ಸಂಜೆಯವರೆಗೂ ಅಕ್ಕನಿಗೆ ಸಂತಾಪದ ಫೋನುಗಳು ಬಂದವು. ಅಮ್ಮ ಹೋಗಿ ವರ್ಷ ಕಳೆದ ಮೇಲೆ ಇವರಿಗೆಲ್ಲ ಈಗ್ಯಾಕೆ ದುಃಖ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ.

ನಾನು ಮುಖ ತೊಳೆದು, ಒಂದು ಕಾಫಿ ಕುಡಿದು ಬಂದು ಮತ್ತೆ ಕೂತೆ. ಫೋಲ್ಡರಿನಲ್ಲಿ ಏನಿದೆ ತೋರಿಸು ಎಂದು ಬರೆದೆ. ಖಾಲಿಯಾಗಿದ್ದಲ್ಲಿ ಒಂದು ಫೈಲು ಇತ್ತು. ಹೆಸರು ‘ಬಾ’.

ಬೆಚ್ಚಿಬೀಳುವಂಥದ್ದೇನಿಲ್ಲ ಎಂದುಕೊಂಡೆ. ದೂರದ ಕಂಪ್ಯೂಟರಿನ ಹೆಸರಿನ ಕೊನೆಗೆ ಕೋಲನ್ನಿನ ಎರಡು ಚುಕ್ಕಿ ಇಡಲು ಮರೆತರೆ ಫೈಲು ಎಲ್ಲಿಗೂ ಹೋಗುವುದಿಲ್ಲ. ಆ ಹೆಸರಿನ ಇನ್ನೊಂದು ಪ್ರತಿ ಇಲ್ಲೇ ಹುಟ್ಟುತ್ತದೆ. ಕಲಿಯುವ ಕಾಲದಲ್ಲಿ ಇಂಥ ‘ಬಾ’ಗಳನ್ನು ರಾಶಿ ರಾಶಿ ಹುಟ್ಟಿಸಿದವನು ನಾನು. ಯಾವುದೋ ಹಳೆಯ ಮೆನು ಕಾರ್ಡಿರಬೇಕು ಎಂದು ತೆರೆದೆ. ಗ್ರೈಂಡರಿನ ಸದ್ದು ಕೇಳಿತು. ಆಮೇಲೆ ಅಮ್ಮನ ಕೆಮ್ಮು. ಆಮೇಲೆ ಶೋಭಾನೆ.

ಫೈಲಿನ ಪಕ್ಕದಲ್ಲಿ ಅದು ಬಂದ ಹೊತ್ತು ಎಂದು ತೋರಿಸುತ್ತಿದ್ದದ್ದು ಪ್ಲಗ್ ಕಿತ್ತ ನಂತರದ ಹೊತ್ತು. ಉಧ್ನಾಕ್ಕೆ ಮತ್ತೆ ಫೋನು ಹಚ್ಚಿ, ಪ್ಲಗ್ ತಿರುಗಿ ಹಾಕಿದಿರಾ ಎಂದು ಕೇಳಿದೆ. “ನಾ ನಾ, ಭಾಯ್. ಬಾ ಸೂತಾ ಛೇ. ಚಾದರ್ ಓಢಾಡೀ ಛೇ” ಎಂದರು ಹೇತಲ್‌ಬೆನ್. ಬಾ ಮಲಗಿದ್ದಾಳೆ, ಚಾದರ ಹೊದಿಸಿದ್ದೇನೆ.

ಹಾಡನ್ನು ಪೂರ್ತಿ ಕೇಳುವ ಧೈರ್ಯ ನನಗಾಗಲಿಲ್ಲ. ಎರಡು ಚುಕ್ಕಿಗಳನ್ನು ಬೆರಳಿಟ್ಟು ನೋಡಿಕೊಂಡು ಅದನ್ನು ‘ಹೋಗಿಬಾ’ಕ್ಕೆ ಕಳಿಸಿ, ನಾನೂ ನರೋಡಾಕ್ಕೆ ಹೊರಟೆ.

ಮರುದಿನ ಈಶಾ ಮಂಟಪಕ್ಕೆ ಬರುವಾಗ ಛತ್ರದ ತುಂಬ ಅಮ್ಮನ ಹಾಡು. ಹುಡುಗಿ ಕಣ್ಣೊರೆಸಿಕೊಳ್ಳುತ್ತಲೇ ನಡೆದಳು. ಹಾಡು ಮುಗಿಯಿತು, ಗ್ರೈಂಡರೂ ನಿಂತಿತು. ಆಗ ಸ್ಪೀಕರಿನಿಂದ ಅಮ್ಮ ಕೇಳಿದಳು: “ಬಂತಾ?”

ಅತ್ತ ನೆಂಟರಿಗೆ ಪಾನಕ ಕೊಡುತ್ತಿದ್ದ ಅಣ್ಣ, ಲೋಟ ಹಿಡಿದೇ ಕೂಗಿದ: “ಬಂತಮ್ಮಾ!”

ಮದುವೆಮನೆಗೆ ಮದುವೆಮನೆಯೇ ನಕ್ಕಿತು. ಬೀಗರು ಇದೇನೋ ನಮ್ಮ ಕಡೆಯ ಶಾಸ್ತ್ರವೆಂದು ತಿಳಿದು ತಾವೂ “ಬಂತಮ್ಮಾ” ಎಂದರು. ಅಕ್ಕ ಮಾತ್ರ ನಗಲಿಲ್ಲ. ನನ್ನ ತೋಳು ಹಿಡಿದು, “ಅದೆಂಥದು ತಮ್ಮ ಕೊನೆಗೆ? ನಾನು ರೆಕಾರ್ಡ್ ಮಾಡಿದ್ರಲ್ಲಿ ಅದು ಇರ್ಲಿಲ್ಲ” ಎಂದಳು.

ಇರಲಿಲ್ಲ ಎಂಬುದು ಆಮೇಲೆ ಖಾತ್ರಿಯಾಯಿತು. ರಿಪೇರಿಯವರು ಉಧ್ನಾದ ಕಂಪ್ಯೂಟರಿನಿಂದ ಅಳಿದ ಹಾಡನ್ನು ಮರಳಿ ತೆಗೆದುಕೊಟ್ಟರು. ಅದೇ ಕೆಮ್ಮು, ಅದೇ ಶೋಭಾನೆ. ಕೊನೆಯಲ್ಲಿ ಗ್ರೈಂಡರು ತಿರುಗುತ್ತಿರುವಾಗಲೇ ಕಡಿದುಹೋಗುತ್ತದೆ. ಅಹಮದಾಬಾದಿನಲ್ಲಿ ವಿಜ್ಞಾನಿಯಾಗಿರುವ ನಮ್ಮ ಊರಿನವರೊಬ್ಬರು ಎರಡನ್ನೂ ಕೇಳಿ, ನೀವೇ ಹಿಂದೊಮ್ಮೆ ತರಿಸಿಕೊಂಡು ಮರೆತಿರಬೇಕು ಎಂದರು. ಇರಬಹುದು. ಹಾಗಾದರೆ ಗ್ರೈಂಡರನ್ನು ನಿಲ್ಲಿಸಿದವರು ಯಾರು ಎಂದು ಕೇಳಿದೆ. ಅವರು ಇನ್ನೊಂದು ದೋಸೆ ತರಿಸಿಕೊಂಡರು.

ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅಮ್ಮನಿಗೆ ಉತ್ತರ ಕೊಟ್ಟವನು ಅಣ್ಣ. ಆದರೆ ಅವಳು ಕಳಿಸಿದ್ದು ನನಗೆ, ಮುಟ್ಟಿತೆಂದು ನಾನು ಹೇಳಿರಲಿಲ್ಲ. ಗೋರ್ವಾಕ್ಕೆ ಮರಳಿದ ದಿನ, ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಕಪ್ಪು ಪರದೆಯ ಮೇಲೆ ‘ಬಂತಮ್ಮ’ ಎಂದು ಬರೆದು ಎಂಟರ್ ಒತ್ತಿದೆ.

ಅಂಥ ಆಜ್ಞೆ ಯಾವುದೂ ಇಲ್ಲ ಎಂದಿತು ಕಂಪ್ಯೂಟರು.