ಮಷಿನ್ನಿಗೂ ಬಿಚ್ಚದ ಮೂಗುತಿ

ನನ್ನ ಗೊರಕೆಗೆ ಓಣಿಯ ನಾಯಿ ಬೊಗಳುತ್ತಿತ್ತು ಎಂದು ಸೊಸೆ ಹೇಳುತ್ತಾಳೆ. ಇರಬಹುದು. ಗೊರಕೆಗೆ ನಾನು ಹೆದರಲಿಲ್ಲ. ರೊಟ್ಟಿ ಬಡಿಯುತ್ತ ಕೂತಲ್ಲೇ ತೂಕಡಿಸಿ ಕೈ ಹಂಚಿಗೆ ತಾಗಿದಾಗ ಮಾತ್ರ ಯಾದಗಿರಿಯ ಡಾಕ್ಟರ್ ಬಳಿ ಹೋದೆ. ನಿದ್ದೆಯಲ್ಲಿ ನನ್ನ ಉಸಿರು ನಿಂತು ನಿಂತು ಹೋಗುತ್ತದಂತೆ. ಅದಕ್ಕೊಂದು ಗಾಳಿ ಮಷಿನ್ ಬರೆದುಕೊಟ್ಟರು. ಮಷಿನ್ನಿಗೆ ಪೈಪು, ಪೈಪಿನ ತುದಿಗೆ ಮೂಗು ಮುಚ್ಚುವ ರಬ್ಬರ್ ಮಾಸ್ಕು, ತಲೆಯ ಹಿಂದೆ ಬಿಗಿಯಲು ಪಟ್ಟಿ. ಎತ್ತಿಗೆ ಮೂಗುದಾರ ಹಾಕುವ ಮನೆಯಲ್ಲಿ ಬೆಳೆದವಳು ನಾನು. ಈಗ ನನಗೇ ಹಾಕಿದರು.

ಬೇಸಿಗೆ ಬರುವ ತನಕ ಎಲ್ಲ ಸರಿ ಇತ್ತು. ಶಹಾಪುರದ ಸೆಕೆಗೆ ಸೊಸೆ ಕೂಲರ್ ತಂದು ನನ್ನ ಮಂಚದ ಕಡೆ ತಿರುಗಿಸಿದಳು. ಮಷಿನ್ನಿನ ಹೊಟ್ಟೆಯಲ್ಲಿ ಒಂದು ನೀರಿನ ಡಬ್ಬಿ ಇದೆ. ಗಾಳಿಗೆ ತೇವ ಬರಲೆಂದು ಆ ನೀರನ್ನು ಅದು ಬಿಸಿ ಮಾಡುತ್ತದೆ. ಕೂಲರಿನ ತಂಪು ಬಡಿದು ಪೈಪಿನೊಳಗೆ ಹನಿಗಟ್ಟತೊಡಗಿತು. ಮಗ್ಗುಲಾದರೆ ಮೂಗಿಗೆ ಪಿಚಕ್ಕೆಂದು ನೀರು. ಉಸಿರು ಉಳಿಸುವುದಕ್ಕೆ ಬಂದದ್ದು ಮುಳುಗಿಸುವುದಕ್ಕೆ ಕೂತರೆ ಹೇಗೆ? ಡಬ್ಬಿಯ ನೀರು ಚೆಲ್ಲಿ ಒಣ ಡಬ್ಬಿಯನ್ನೇ ಇಟ್ಟೆ.

ಆಗ ಮೂಗು ಒಣಗಿ ಬಿರಿಯಿತು, ಮುಖ ಉರಿಯಿತು. ಉರಿಗೆ ನನಗೆ ಗೊತ್ತಿದ್ದ ಮದ್ದು ಕುಸುಬಿ ಎಣ್ಣೆ. ಮೂಗಿಗೆ, ಕೆನ್ನೆಗೆ ಚೆನ್ನಾಗಿ ತಿಕ್ಕಿಕೊಂಡು ಮಾಸ್ಕ್ ಹಾಕಿದೆ. ಅವತ್ತಿನಿಂದ ಅದು ಪೀಪಿ ಊದತೊಡಗಿತು. ಸೋರಿದ ಗಾಳಿ ಬಡಿದು ಎಡಗಣ್ಣು ಕೆಂಪಾಯಿತು. ಪಟ್ಟಿ ಬಿಗಿದಷ್ಟೂ ಹೆಚ್ಚು ಸೋರಿತು, ಕೆನ್ನೆಯ ಮೇಲೆ ಬಾಸುಂಡೆ ಎದ್ದಿತು. ಒಲೆಯ ಮುಂದೆ ಮತ್ತೆ ತೂಕಡಿಕೆ.

ಸೊಸೆಗೆ ಕಾರಣ ಸಿಕ್ಕಿಬಿಟ್ಟಿತು.

"ಅತ್ತಿ, ಆ ಮೂಗುತಿ ತೆಗೀರಿ. ಅದರ ಸಂದ್ಯಾಗಿಂದೇ ಗಾಳಿ ಹೋಗ್ಲಾಕತ್ತದ."

"ಗಾಳಿ ನಿನ್ ಕಣ್ಣಿಗಿ ಕಾಣ್ತದೇನು?"

ಪಕ್ಕದ ಮನೆಯಾಕೆ ಬಂದು ಕೂತಿದ್ದಳು. ಆಕೆಯೂ ಬಾಯಿ ಹಾಕಿದಳು. "ಈ ವಯಸ್ಸಿನ್ಯಾಗ ಮೂಗುತಿ ಯಾರಿಗಿ ತೋರಸ್ಬೇಕಾಗ್ಯಾದ ಯಕ್ಕಾ?"

"ನಿನಗೇ. ದಿನಾ ಬಂದು ನೋಡ್ತೀಯಲ್ಲ."

ಅವರಿಗೆ ಗೊತ್ತಿಲ್ಲದ್ದು ಒಂದಿದೆ. ಗಂಡ ಸತ್ತಾಗ ಸುರಪುರದ ಅತ್ತೆಮನೆಯಲ್ಲಿ ಹೆಂಗಸರು ನನ್ನ ಬಳೆ ಒಡೆದರು, ತಾಳಿ ಬಿಚ್ಚಿದರು. ಆಮೇಲೆ ಒಬ್ಬಳು ಮೂಗಿಗೆ ಕೈ ಹಾಕಿದಳು. ನಾನು ಆಕೆಯ ಬೆರಳು ಕಚ್ಚಿದೆ. ತಾಳಿ ಅವನು ಕಟ್ಟಿದ್ದು, ಅವನ ಹಿಂದೆ ಹೋಗಲಿ. ಮೂಗು ಚುಚ್ಚಿಸಿದವಳು ನನ್ನ ಅವ್ವ, ತವರೂರು ಮುದನಾಳದಲ್ಲಿ, ಅವನ ಮುಖ ನಾನು ನೋಡುವುದಕ್ಕೂ ಮೊದಲು. ಗಂಡನ ಮನೆಯವರು ವರ್ಷಗಟ್ಟಲೆ ಆಡಿಕೊಂಡರು. ಆಡಿ ಆಡಿ ದಣಿದರು. ಅಷ್ಟು ಮಂದಿಗೆ ಬಿಚ್ಚದ್ದನ್ನು ಒಂದು ಮಷಿನ್ನಿಗೆ ಬಿಚ್ಚುವುದೇ?

ಸೊಸೆ ಮಷಿನ್ ಕೊಟ್ಟ ಅಂಗಡಿಗೆ ಫೋನ್ ಹಚ್ಚಿದಳು. ಅವರೂ ತೆಗೆಸಿ ಅಂದರಂತೆ. ನಾನು ಫೋನ್ ಕಸಿದುಕೊಂಡೆ.

"ಮೂಗುತಿ ತೆಗ್ಯಾಂಗಿಲ್ಲ. ಬೇಕಾದ್ರ ನಿಮ್ಮ ಮಷಿನ್ ಒಯ್ರಿ."

ಒಯ್ಯಲು ಯಾರೂ ಬರಲಿಲ್ಲ. ಮಷಿನ್ ನೋಡಲು ಅಂಗಡಿಯ ಹೆಣ್ಣುಮಗಳೊಬ್ಬಳು ಬಂದಳು. ಆಕೆ ಮಾಸ್ಕ್ ಎತ್ತಿಕೊಂಡದ್ದೇ ತಡ, ಅದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬೆರಳು ಮೂಸಿ ನೋಡಿದಳು.

"ಆಯಿ, ಇದಕ್ಕ ಒಗ್ಗರಣಿ ಹಾಕೀರೇನ್ರಿ?"

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಗಲಿಲ್ಲ.

ಆಕೆ ಮಾಸ್ಕನ್ನು ಸೋಪಿನ ನೀರಲ್ಲಿ ತೊಳೆದು ಒರೆಸಿದಳು, ನನ್ನಿಂದ ಮುಖ ತೊಳೆಸಿದಳು. ನನ್ನನ್ನು ಮಂಚದ ಮೇಲೆ ಮಲಗಿಸಿಯೇ ಮಾಸ್ಕ್ ಹಾಕಿ ಪಟ್ಟಿ ಸಡಿಲ ಮಾಡಿದಳು. ಪೀಪಿ ನಿಂತಿತು. ಅಂಗೈಯನ್ನು ಮಾಸ್ಕಿನ ಅಂಚಿನ ಸುತ್ತ ಆಡಿಸಿದಳು.

"ಮೂಗುತಿ ಬಾಜೂ ಒಂಚೂರು ಗಾಳಿ ಬರ್ತದ್ರಿ."

"ಅಷ್ಟಕ್ಕ ಮಷಿನ್ ಸಾಯ್ತದೇನು?"

"ಇಲ್ರಿ ಆಯಿ. ಅಷ್ಟು ಅದೇ ಸಂಭಾಳಿಸ್ತದ."

"ಹಂಗಾದ್ರ ಸಂಭಾಳಿಸಲಿ."

ಒಣ ಡಬ್ಬಿ ನೋಡಿ ಬೈದಳು. ಬೈಸಿಕೊಂಡೆ. ಕೂಲರನ್ನು ಗೋಡೆಯ ಕಡೆ ತಿರುಗಿಸಿದಳು. ಪೈಪಿಗೆ ಬಟ್ಟೆ ಸುತ್ತಿದರೆ ಒಳಗೆ ಹನಿಗಟ್ಟುವುದಿಲ್ಲ ಎಂದಳು. ಹಳೆಯ ಸೀರೆಯ ತುಂಡು ಜೋಡಿಸಿ ಪೈಪಿಗೊಂದು ಉದ್ದನೆಯ ಕೌದಿ ಹೊಲಿದೆ. ಡಬ್ಬಿಗೆ ಮತ್ತೆ ನೀರು ಬಿತ್ತು. ಮೂಗಿಗೆ ನೀರು ಬರಲಿಲ್ಲ, ಮುಖಕ್ಕೆ ಎಣ್ಣೆಯೂ ಬೇಕಾಗಲಿಲ್ಲ.

ಈಗಲೂ ಮಲಗಿದರೆ ಎಡ ಹೊಳ್ಳೆಯ ಪಕ್ಕ ಸಣ್ಣಗೆ ಸುಂಯ್ ಎನ್ನುತ್ತದೆ.

"ಇನ್ನಾ ಸೋರ್ಲಾಕತ್ತದ ನೋಡ್ರಿ ಅತ್ತಿ" ಎನ್ನುತ್ತಾಳೆ ಸೊಸೆ.

ಸೋರಲಿ. ರೊಟ್ಟಿ ಬಡಿಯುವಾಗ ನನ್ನ ಕಣ್ಣು ಮುಚ್ಚುವುದಿಲ್ಲ, ಅಷ್ಟು ಸಾಕು. ಮೂಗುತಿ ಬೇಕಿದ್ದವರು ನಾನು ಸತ್ತ ಮೇಲೆ ಬಿಚ್ಚಿಕೊಳ್ಳಲಿ. ಆಗ ಕಚ್ಚುವುದಿಲ್ಲ.